ಪಾವಣೆ ಐದು

ಹಳಿಯಾಳಕ್ಕೆ ಬಂದ ಮೊದಲ ದಿನವೇ ನನಗೆ ಕನ್ನಡ ಬರುವುದಿಲ್ಲ ಎಂದು ತೀರ್ಮಾನವಾಯಿತು. ತೀರ್ಮಾನಿಸಿದವರು ನನ್ನ ಮನೆಯೊಡತಿ ಅನಸೂಯಾಬಾಯಿ. ಗುಂಡ್ಲುಪೇಟೆಯಿಂದ ಮೈಸೂರು, ಮೈಸೂರಿನಿಂದ ರೈಲಿನಲ್ಲಿ ಧಾರವಾಡ, ಅಲ್ಲಿಂದ ಬಸ್ಸು. ಎರಡು ಚೀಲ ಹೊತ್ತು ಅವರ ಬಾಗಿಲಲ್ಲಿ ನಿಂತು ಬಚ್ಚಲು ಎಲ್ಲಿದೆ ಎಂದು ಕೇಳಿದೆ. ಅವರು ಹಿಂದಿನ ಬಾಗಿಲು ತೋರಿಸಿ, ಇವತ್ತು ಬಂದಿಲ್ಲ, ನಾಳೆ ಮುಂಜಾನೆ ಬರ್ತಾವ ಎಂದರು. ಏನು ಬರುತ್ತವೆ ಎಂದು ನಾನು ಕೇಳಿದೆ. ದನಗಳಿರಬಹುದು ಎಂದುಕೊಂಡಿದ್ದೆ. ಅವರು ನನ್ನನ್ನು ಒಂದು ಗಳಿಗೆ ನೋಡಿ, ಪಕ್ಕದ ಮನೆಯವರಿಗೆ ಗೋಡೆಯ ಮೇಲಿಂದ ಕೂಗಿ ಹೇಳಿದರು: “ಮೈಸೂರ ಕಡಿಯಾಕಿ ರೀ. ಪಾಪ, ಕನ್ನಡ ಅಷ್ಟ ಬರಂಗಿಲ್ಲ. ಸಾವಕಾಶ ಮಾತಾಡ್ರಿ.”

ಬರುವುದು ನೀರು. ನಮ್ಮ ಕಡೆ ನೀರು ಬರುತ್ತದೆ, ಒಂದೇ ಒಂದು. ಇಲ್ಲಿ ನೀರು ಬಹುವಚನ, ಬರ್ತಾವ, ಹೋಗ್ತಾವ, ಕಾಯ್ತಾವ. ಒಂದು ದಿನ ಬಿಟ್ಟು ಒಂದು ದಿನ ನಳಕ್ಕೆ ಬರ್ತಾವ. ನಳ ಎಂದರೆ ನಲ್ಲಿ.

ಅವರು ‘ಪಾಪ’ ಎಂದದ್ದು ನಿಜವೇ ಎಂದು ಈಗ ಅನುಮಾನ ಬರುತ್ತಿದೆ. ಅಂದಿನ ದಿನಚರಿಯಲ್ಲಿ ಆ ಪದ ಇಲ್ಲ. ಆಮೇಲೆ ಈ ಘಟನೆಯನ್ನು ಫೋನಿನಲ್ಲಿ ಹತ್ತು ಜನಕ್ಕೆ ಹೇಳುವಾಗ ನಾನೇ ಸೇರಿಸಿರಬಹುದು. ಪಿಯುಸಿಯಿಂದ ದಿನಚರಿ ಬರೆಯುತ್ತಿದ್ದೇನೆ. ಕಾರಣ ಇದೇ, ನನ್ನ ನೆನಪು ಸುಮ್ಮನೆ ಕೂರುವುದಿಲ್ಲ, ಕೈಗೆ ಸಿಕ್ಕಿದ್ದನ್ನು ತಿದ್ದುತ್ತದೆ. ಆದ್ದರಿಂದ ಬರೆದಿಟ್ಟದ್ದನ್ನು ಮಾತ್ರ ನಂಬುವುದೆಂದು ಬಹಳ ಹಿಂದೆಯೇ ನಿಶ್ಚಯಿಸಿಕೊಂಡಿದ್ದೆ. ಆ ನಿಶ್ಚಯದಿಂದ ಇಲ್ಲಿ ಒಬ್ಬರಿಗೆ ಏನಾಯಿತು ಎನ್ನುವುದನ್ನೇ ನಿಮಗೆ ಹೇಳಬೇಕಾಗಿದೆ.

ಮೊದಲು, ನಾನು ಯಾಕೆ ಇಲ್ಲಿಗೆ ಬಂದೆ ಎಂದು ಹೇಳುತ್ತೇನೆ. ಊರಿನಲ್ಲಿ ಎಲ್ಲರೂ ಸಕ್ಕರೆ ಕಾರ್ಖಾನೆಯ ಕೆಲಸ ಎಂದುಕೊಂಡಿದ್ದಾರೆ. ಅಲ್ಲ.

ಗುಂಡ್ಲುಪೇಟೆಯವರಿಗೆ ಚೆಂಡು ಹೂವಿನ ಬಗ್ಗೆ ಹೇಳಬೇಕಾಗಿಲ್ಲ. ಹೆದ್ದಾರಿಯ ಎರಡೂ ಕಡೆ ಹಳದಿ, ಕಿತ್ತಳೆ. ಪ್ರವಾಸಿಗರು ಕಾರು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ. ಅದರಲ್ಲಿ ದೇವರಿಗೆ ಹೋಗುವುದು ಸ್ವಲ್ಪ, ಬಣ್ಣದ ಕಾರ್ಖಾನೆಗೆ ಹೋಗುವುದು ಬಹಳ. ಹೂವಿನಿಂದ ತೆಗೆದ ಹಳದಿ ಕೋಳಿಯ ಆಹಾರ ಸೇರಿ ಮೊಟ್ಟೆಯೊಳಗಿನ ಹಳದಿಯನ್ನು ಗಾಢವಾಗಿಸುತ್ತದೆ, ಕಣ್ಣಿನ ಮಾತ್ರೆಗೂ ಸೇರುತ್ತದೆ. ನನ್ನ ಅಪ್ಪ ಅದೇ ಹೂವು ಬೆಳೆಯುತ್ತಾರೆ. ನಾನು ಮೈಸೂರಿನಲ್ಲಿ ಕಲಿತದ್ದು ಅದೇ ಹಳದಿಯನ್ನು ಹೂವಿಲ್ಲದೆ ಮಾಡುವುದನ್ನು.

ಯೀಸ್ಟ್ ನಿಮಗೆ ಗೊತ್ತು, ಬ್ರೆಡ್ಡನ್ನು ಉಬ್ಬಿಸುವ ಸೂಕ್ಷ್ಮಜೀವಿ. ಅದು ಸಕ್ಕರೆ ತಿಂದು ತನ್ನ ಮೈ ಬೆಳೆಸಿಕೊಳ್ಳುತ್ತದೆ. ತಿಂದ ಸಕ್ಕರೆ ಅದರ ಮೈಯೊಳಗೆ ಕಬಿನಿ ನಾಲೆಯ ಹಾಗೆ ಕವಲು ಕವಲಾಗಿ ಹರಿದು, ಒಂದು ಕವಲಲ್ಲಿ ಕೊಬ್ಬಾಗುತ್ತದೆ, ಇನ್ನೊಂದರಲ್ಲಿ ಬೇರೇನೋ ಆಗುತ್ತದೆ. ಚೆಂಡು ಹೂವಿನ ಗಿಡದ ಕೆಲವು ಜೀನುಗಳನ್ನು ಸೇರಿಸಿ ನಾವು ಅಲ್ಲೊಂದು ಹೊಸ ಕವಲು ತೋಡುತ್ತೇವೆ. ಹಳೆಯ ಕೆಲವು ಕವಲುಗಳ ತೂಬನ್ನು ಅರ್ಧ ಮುಚ್ಚುತ್ತೇವೆ. ಪೂರ್ತಿ ಮುಚ್ಚುವಂತಿಲ್ಲ, ಯೀಸ್ಟೂ ಬದುಕಬೇಕಲ್ಲ. ಎಲ್ಲ ಸರಿಹೋದರೆ ನಾಲ್ಕನೇ ದಿನಕ್ಕೆ ಟ್ಯಾಂಕಿನಲ್ಲಿರುವ ಕಂದು ನೀರು ಮಾವಿನ ಸೀಕರಣೆಯ ಬಣ್ಣಕ್ಕೆ ತಿರುಗುತ್ತದೆ. ಇದಕ್ಕೆ ಮೇವು ಕಾಕಂಬಿ. ಕಬ್ಬಿನ ಹಾಲಿನಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ ಅದು, ಹಳಿಯಾಳದಲ್ಲಿ ಬೇಕಾದಷ್ಟು. ಅದಕ್ಕೇ ನಮ್ಮ ಸಣ್ಣ ಕಂಪನಿ ಊರ ಹೊರಗೆ ಒಂದು ಶೆಡ್ಡು ಹಿಡಿದು, ಐನೂರು ಲೀಟರಿನ ಒಂದು ಟ್ಯಾಂಕು ಇಟ್ಟಿತು. ಟ್ಯಾಂಕಿನ ಜೊತೆ ನನ್ನನ್ನೂ ಕಳಿಸಿತು.

ಇದನ್ನೆಲ್ಲ ಅಪ್ಪನಿಗೆ ವಿವರಿಸಿದಾಗ ಅವರು ಪೂರ್ತಿ ಕೇಳಿ ಒಂದೇ ಪ್ರಶ್ನೆ ಹಾಕಿದರು: “ಅಂಗಾರೆ ನಿನ್ ಟ್ಯಾಂಕು ನನ್ ಹೊಲಕ್ಕೆ ಅಡ್ಡ ಬಂದದೇನವ್ವ?” ಇನ್ನೂ ಅಷ್ಟು ದೂರ ಹೋಗಿಲ್ಲ ಅಪ್ಪ, ಸದ್ಯಕ್ಕೆ ಹೂವೇ ಅಗ್ಗ ಎಂದೆ. ಅದು ನಿಜವೇ. ಆದರೆ ಕೇಳಿದ್ದಕ್ಕೆ ಅದು ಉತ್ತರವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಮನೆ ಒಂದೂವರೆ ಕೋಣೆಯದು. ಮೊದಲ ತಿಂಗಳು ಅಡುಗೆಯೇ ದೊಡ್ಡ ಕೆಲಸವಾಯಿತು. ರಾಗಿ ಹಿಟ್ಟು ಸಿಗುತ್ತಿತ್ತು, ಮುದ್ದೆ ಕಟ್ಟುತ್ತಿದ್ದೆ, ಆದರೆ ಜೊತೆಗೆ ಬಸ್ಸಾರು ಮಾಡಲು ಸೊಪ್ಪು ಕೇಳಿದರೆ ಅಂಗಡಿಯವಳಿಗೆ ತಿಳಿಯುತ್ತಿರಲಿಲ್ಲ. ಸೊಪ್ಪು ಇಲ್ಲಿ ತೊಪ್ಪಲ. ಈರುಳ್ಳಿ ಉಳ್ಳಾಗಡ್ಡಿ, ತರಕಾರಿ ಕಾಯಿಪಲ್ಯ, ಕಡಲೆಕಾಯಿ ಶೇಂಗಾ. ನಮ್ಮ ಪತ್ರಿಕೆಗಳು ‘ಬರೋಬ್ಬರಿ ನೂರು ಕೋಟಿ’ ಎಂದು ಬೆರಗಾಗಿ ಬರೆಯುತ್ತವೆ. ಇಲ್ಲಿ ಬರೋಬರಿ ಎಂದರೆ ಸರಿ, ಅಷ್ಟೇ. ರೊಟ್ಟಿ ಬಡಿಯುವುದನ್ನು ಅನಸೂಯಾಬಾಯಿ ಕಲಿಸಿದರು. ಎರಡು ತಿಂಗಳ ಮೇಲೆ ಒಂದು ರೊಟ್ಟಿ ಹರಿಯದೆ ಹಂಚಿಗೆ ಬಿತ್ತು. ಅವರು ಅದನ್ನು ತಟ್ಟೆಯಲ್ಲಿಟ್ಟುಕೊಂಡು ಹೋಗಿ ಪಕ್ಕದ ಮನೆಗೆ ತೋರಿಸಿ ಬಂದರು. ಲೆಕ್ಕದ ಪದಗಳನ್ನೂ ಅವರೇ ಕಲಿಸಿದರು, ಮರಾಠಿಯಿಂದ ಬಂದವು. ದೀಡ ಎಂದರೆ ಒಂದೂವರೆ, ಅಡೀಚ ಎಂದರೆ ಎರಡೂವರೆ. ಆ ಎರಡು ಬಂದ ಮೇಲೆ ಉಳಿದವೂ ಬಂದವೆಂದೇ ನಾನು ತಿಳಿದೆ.

ಭಾನುವಾರಗಳು ಉದ್ದವಾಗಿರುತ್ತಿದ್ದವು. ಊರಿನಲ್ಲಿ ಭಾನುವಾರ ಮಾತು ಬೇಡವೆನಿಸಿದರೂ ಯಾರಾದರೂ ಬಂದು ಮಾತಾಡುತ್ತಾರೆ. ಇಲ್ಲಿ ನನ್ನ ಭಾಷೆಯ ನಡುವೆಯೇ ಕೂತು ನಾನು ಭಾಷೆಯಿಲ್ಲದವಳಂತಿದ್ದೆ. ತಮಿಳುನಾಡಿಗೋ ಪುಣೆಗೋ ಹೋಗಿದ್ದರೆ ಅರ್ಥವಾಗದ್ದು ಅರ್ಥವಾಗಲಿಲ್ಲ ಎಂದು ತಿಳಿಯುತ್ತಿತ್ತು. ಇಲ್ಲಿ ಎಲ್ಲವೂ ಅರ್ಥವಾದಂತೆಯೇ ಕೇಳಿಸುತ್ತಿತ್ತು.

ಶೆಡ್ಡಿನಲ್ಲಿ ಹಗಲು ಪಾಳಿ ದಸ್ತಗೀರ ಚಾಚಾ ಅವರದು, ಬೆಳಿಗ್ಗೆ ಆರರಿಂದ ಎರಡು. ದಾಂಡೇಲಿಯವರು. ಕಾಗದದ ಕಾರ್ಖಾನೆಯಲ್ಲಿ ಬಹಳ ವರ್ಷ ದುಡಿದು ನಿವೃತ್ತರಾಗಿ, ನಮ್ಮಲ್ಲಿ ಗುತ್ತಿಗೆದಾರರ ಮೂಲಕ ಸೇರಿದ್ದರು. ನಾನು ನಮ್ಮ ಕಡೆಯ ರೂಢಿಯಂತೆ ದಸ್ತಗೀರಣ್ಣ ಎಂದಾಗ ನಕ್ಕುಬಿಟ್ಟರು. “ಅಣ್ಣ ಬ್ಯಾಡ್ರಿ ಮೇಡಂ, ನಿಮ್ಮ ಅಪ್ಪಗಿಂತ ದೊಡ್ಡಾಂವ ಇರಬೇಕು ನಾ. ಚಾಚಾ ಅನ್ರಿ.” ಟ್ಯಾಂಕಿನ ಗಾಜಿನ ಕಿಂಡಿಯಲ್ಲಿ ನೊರೆ ನೋಡಿಯೇ ಯೀಸ್ಟಿನ ಸ್ಥಿತಿ ಹೇಳುತ್ತಿದ್ದರು. ಯೀಸ್ಟನ್ನು ಅವರು ಕರೆಯುತ್ತಿದ್ದುದು ‘ಮಂದಿ’ ಎಂದು. ಇವತ್ತು ಮಂದಿ ಛಲೋ ಉಂಡಾರ, ಇವತ್ತು ಮಂದಿಗೆ ಮನಸ್ಸಿಲ್ಲ. ನನ್ನ ಉಪಕರಣ ಹತ್ತು ನಿಮಿಷ ತೆಗೆದುಕೊಂಡು ಅದನ್ನೇ ಹೇಳುತ್ತಿತ್ತು.

ಯೀಸ್ಟ್ ಬೆಳೆಯುತ್ತ ತನ್ನ ಸುತ್ತಲ ನೀರನ್ನು ಹುಳಿಯಾಗಿಸುತ್ತದೆ. ಹುಳಿ ಹೆಚ್ಚದಂತೆ ತೆಳುವಾದ ಅಮೋನಿಯಾ ನೀರನ್ನು ಹನಿ ಹನಿಯಾಗಿ ಬಿಡಬೇಕು. ಹುಳಿಯ ಅಳತೆಗೆ ಪಿಎಚ್ ಎನ್ನುತ್ತೇವೆ. ಅದು ತಿರುಗಾಮುರುಗ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ನಮ್ಮ ಯೀಸ್ಟಿಗೆ ಅದು ಐದು ಇರಬೇಕು. ಐದಕ್ಕಿಂತ ಮೇಲೆ ಹೋದರೆ ಅಮೋನಿಯಾ ನಿಲ್ಲಿಸಬೇಕು, ಕೆಳಗೆ ಬಂದರೆ ಬಿಡಬೇಕು. ಇದನ್ನು ಒಂದು ಯಂತ್ರ ತಾನೇ ನೋಡಿಕೊಳ್ಳುತ್ತಿತ್ತು. ಐದನೇ ತಿಂಗಳಲ್ಲಿ ಯಂತ್ರ ಕೆಟ್ಟು ರಿಪೇರಿಗೆ ಹೋಯಿತು. ಕೈಯಲ್ಲಿ ಹಿಡಿಯುವ ಮಾಪಕದಿಂದ ಗಂಟೆಗೊಮ್ಮೆ ಅಳೆದು, ನನಗೆ ತಿಳಿಸಿ, ನಾನು ಹೇಳಿದಂತೆ ನಲ್ಲಿ ತಿರುಗಿಸುವುದೆಂದು ಏರ್ಪಾಡಾಯಿತು. ನನ್ನನ್ನು ಕೇಳದೆ ಅಮೋನಿಯಾ ಮುಟ್ಟಬಾರದು ಎಂದು ನಾನೇ ಬರೆದು ಗೋಡೆಗೆ ಅಂಟಿಸಿದ್ದೆ. ಅದು ಕಣ್ಣು, ಮೂಗು ಉರಿಸುವ ವಸ್ತು, ಹಾಗಾಗಿ.

ಮೂರು ದಿನ ಅಳತೆಯ ಹಾಳೆಯ ಫೋಟೊ ಫೋನಿಗೆ ಬರುತ್ತಿತ್ತು. ನಾಲ್ಕನೇ ದಿನ ಮುಂಜಾನೆ ಶೆಡ್ಡಿನಲ್ಲಿ ಇಂಟರ್ನೆಟ್ ಇಲ್ಲದೆ, ಏಳು ಗಂಟೆಗೆ ಚಾಚಾ ಫೋನ್ ಮಾಡಿದರು. ಅಂದು ನೀರು ಬರುವ ದಿನ. ಕೊಡಗಳ ಸದ್ದಿತ್ತು. ಆದರೆ ತಪ್ಪನ್ನು ಸದ್ದಿನ ಮೇಲೆ ಹಾಕುವುದಿಲ್ಲ, ಮಾತು ಸ್ಪಷ್ಟವಾಗಿಯೇ ಕೇಳಿಸಿತು.

“ಪಾವಣೆ ಐದ ಐತ್ರಿ ಮೇಡಂ. ಏನ ಮಾಡ್ಲಿ?”

ನಮ್ಮಲ್ಲಿ ಪಾವು ಎಂದರೆ ಸೇರಿನ ಕಾಲು ಭಾಗ. ಪಾವಣೆ ಐದು, ಐದೂಕಾಲು. ಮೇಲೆ ಹೋಗಿದೆ. ಅಮೋನಿಯಾ ಪೂರ್ತಿ ನಿಲ್ಲಿಸಿ ಎಂದೆ. ಫೋನಿಟ್ಟು ದಿನಚರಿಯಲ್ಲಿ ಬರೆದೆ: ‘7 ಗಂಟೆ. ಚಾಚಾ ಫೋನ್. ಪಿಎಚ್ ಐದೂಕಾಲು. ಅಮೋನಿಯಾ ಬಂದ್.’

ಫೋನಿಡುವ ಮೊದಲು ಅವರು ಎರಡನೇ ಸಲ ಕೇಳಿದರಂತೆ, ಪಾವಣೆ ಐದು ಐತಿ, ಬಂದ್ ಮಾಡ್ಲೇನು ಎಂದು. ನಾನು ಹೌದು, ಮುಚ್ಚಿ ಎಂದೆನಂತೆ. ಇದನ್ನು ನನ್ನ ನೆನಪಿನಿಂದ ಬರೆಯುತ್ತಿಲ್ಲ, ಅವರ ಮಾತಿನಿಂದ ಬರೆಯುತ್ತಿದ್ದೇನೆ. ನನಗೆ ನೆನಪಿಲ್ಲ.

ಎಂಟಕ್ಕೂ ಒಂಬತ್ತಕ್ಕೂ ಅವರು ಮತ್ತೆ ಫೋನ್ ಮಾಡಿದ್ದರು. ನಾನು ಗ್ಯಾಸ್ ಕಚೇರಿಯಲ್ಲಿ ಸರದಿಯಲ್ಲಿದ್ದೆ, ಫೋನು ಚೀಲದ ತಳದಲ್ಲಿತ್ತು. ಹತ್ತೂವರೆಗೆ ಶೆಡ್ಡು ತಲುಪಿದಾಗ ಅವರು ಗೋಡೆಯ ಚೀಟಿಯ ಕೆಳಗೆ ನಿಂತಿದ್ದರು. ಪಿಎಚ್ ಮೂರಕ್ಕಿಂತ ಕೆಳಗಿತ್ತು. ಸಾಮಾನ್ಯ ಯೀಸ್ಟ್ ಅದನ್ನು ತಡೆದುಕೊಳ್ಳುತ್ತಿತ್ತೇನೋ. ಅಷ್ಟು ಹೊರೆ ಹೊರಿಸಿದ್ದ ನಮ್ಮದು ತಡೆಯಲಿಲ್ಲ. ಕಿಂಡಿಯಲ್ಲಿ ನೊರೆ ಕುಸಿದಿತ್ತು, ಬಣ್ಣ ಕಂದಾಗಿಯೇ ಉಳಿದಿತ್ತು. ಜೀನು ಬದಲಿಸಿದ ಜೀವಿಯನ್ನು ಹಾಗೇ ಹೊರಗೆ ಚೆಲ್ಲುವಂತಿಲ್ಲ, ಆವಿ ಹಾಯಿಸಿ ಕೊಂದೇ ಚೆಲ್ಲಬೇಕು. ಚಾಚಾ ಪಾಳಿ ಮುಗಿದರೂ ಮನೆಗೆ ಹೋಗದೆ ಅದನ್ನು ಮಾಡಿದರು. ನಾನು ಕಂಪನಿಗೆ ನಷ್ಟದ ಲೆಕ್ಕ ಬರೆಯುತ್ತ ಕೂತೆ.

ಎರಡು ದಿನ ಬಿಟ್ಟು ಮ್ಯಾನೇಜರ್ ಹುಬ್ಬಳ್ಳಿಯಿಂದ ಬಂದರು. ಅವರು ವಿಜಯವಾಡದವರು, ಬೆಂಗಳೂರಿನಲ್ಲಿ ಕನ್ನಡ ಕಲಿತವರು. ಮೇಜಿನ ಮೇಲೆ ಅಳತೆಯ ಹಾಳೆ ಇತ್ತು. ಏಳು ಗಂಟೆಯ ಸಾಲಿನಲ್ಲಿ ಚಾಚಾ 4.75 ಎಂದು ಬರೆದಿದ್ದರು. ಪಕ್ಕದಲ್ಲಿ ನನ್ನ ದಿನಚರಿ ಇತ್ತು, ಐದೂಕಾಲು. ಅದನ್ನು ತಂದಿಟ್ಟವಳು ನಾನೇ. ಸುಳ್ಳು ಹೇಳುತ್ತಿದ್ದೇನೆಂದು ನನಗೆ ಒಂದಿಷ್ಟೂ ಅನಿಸಿರಲಿಲ್ಲ. ಕೋಣೆಯಲ್ಲಿ ಇದ್ದದ್ದು ನಾವು ಮೂವರೇ.

“ಫೋನಲ್ಲಿ ಎಷ್ಟು ಅಂತ ಹೇಳಿದ್ರಿ?” ಮ್ಯಾನೇಜರ್ ಕೇಳಿದರು.

“ಪಾವಣೆ ಐದ ಅಂತ ಹೇಳೇನ್ರಿ ಸಾಹೇಬ್ರ.”

ಮ್ಯಾನೇಜರ್ ನನ್ನ ಮುಖ ನೋಡಿದರು. ತೆಲುಗಿನಲ್ಲೂ ಪಾವು ಎಂದರೆ ಕಾಲು. ಇಬ್ಬರಿಗೂ ಒಂದೇ ಅರ್ಥವಾಯಿತು, ಐದೂಕಾಲು ಎಂದದ್ದನ್ನು ಚಾಚಾ ಒಪ್ಪಿಕೊಂಡರು ಎಂದು.

“ಮತ್ತೆ ಇಲ್ಲಿ ನಾಲ್ಕು ಪಾಯಿಂಟ್ ಏಳು ಐದು ಅಂತ ಯಾಕೆ ಬರೆದಿದ್ದೀರಿ?”

“ಪಾವಣೆ ಐದ ಇತ್ತಲ್ರಿ, ಅದಕ್ಕ ಬರದೇನಿ.”

“ಹೇಳಿದ್ದು ಒಂದು, ಬರೆದದ್ದು ಒಂದು.”

“ಎರಡೂ ಒಂದ ಅಲ್ಲೇನ್ರಿ?” ಎಂದು ಚಾಚಾ ನನ್ನ ಕಡೆ ತಿರುಗಿದರು. ನಾನು ಏನಾದರೂ ಹೇಳಬಹುದೆಂದು ಅವರು ಕಾದರು ಎಂದು ಈಗ ಅನಿಸುತ್ತದೆ. ಈಗ ಅನಿಸುವುದನ್ನು ಆಗ ಕಂಡೆ ಎಂದು ಬರೆಯಲಾರೆ. ಆಗ ನಾನು ಮೇಜನ್ನು ನೋಡುತ್ತಿದ್ದೆ.

ವರದಿಯಲ್ಲಿ ಹೀಗೆ ಸೇರಿತು: ಅಳತೆಯನ್ನು ತಪ್ಪಾಗಿ ತಿಳಿಸಿ, ನಂತರ ದಾಖಲೆಯನ್ನು ತಿದ್ದಲಾಗಿದೆ. ಮರುದಿನದಿಂದ ಬರಬೇಡಿ ಎಂದು ಗುತ್ತಿಗೆದಾರರ ಮೂಲಕ ಚಾಚಾ ಅವರಿಗೆ ಹೇಳಿ ಕಳಿಸಿದರು. ಅದೇ ವಾರ ನನಗೆ ಒಂದು ಒಳ್ಳೆಯ ಸುದ್ದಿಯೂ ಬಂತು. ಕಂಪನಿಯ ಮೈಸೂರು ಪ್ರಯೋಗಾಲಯಕ್ಕೆ ವರ್ಗ ಕೇಳಿದ್ದೆ, ತಿಂಗಳ ಕೊನೆಗೆ ಬನ್ನಿ ಎಂದರು. ಮೈಸೂರಿನಿಂದ ನಮ್ಮೂರಿಗೆ ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಅಪ್ಪ ಆಗಲೇ ನನ್ನ ಕೋಣೆಗೆ ಸುಣ್ಣ ಹೊಡೆಸಿದ್ದರು.

ಹೊರಡುವ ಮೊದಲು ಒಮ್ಮೆ ಕಾಡು ನೋಡಿ ಬಾ ತಂಗಿ ಎಂದು ಅನಸೂಯಾಬಾಯಿ ಒತ್ತಾಯಿಸಿದರು. ಅವರ ಅಕ್ಕ ಜೋಯಿಡಾ ತಾಲೂಕಿನ ಕುಂಬಾರವಾಡದಲ್ಲಿದ್ದಾರೆ. ಆ ಕಡೆ ಬಸ್ಸು ಕಡಿಮೆ. ದಾಂಡೇಲಿ ನಿಲ್ದಾಣದಲ್ಲಿ ಪಾವಣೆ ಹತ್ತಕ್ಕೆ ಒಂದು ಗಾಡಿ ಇದೆ, ಅದನ್ನೇ ಹಿಡಿಯಬೇಕು ಎಂದು ಎರಡು ಸಲ ಹೇಳಿದ್ದರು. ಭಾನುವಾರ ಹತ್ತಕ್ಕೆ ಐದು ನಿಮಿಷ ಇರುವಾಗಲೇ ದಾಂಡೇಲಿಯಲ್ಲಿ ಇಳಿದು, ಚಹಾ ಕುಡಿದು, ಕಂಟ್ರೋಲರ ಕಿಂಡಿಯಲ್ಲಿ ಕೇಳಿದೆ.

“ಅದು ಹೋತ್ರಿ. ಪಾವಣೆ ಹತ್ತಕ್ಕ ಹೋತು.”

ಇನ್ನೂ ಹತ್ತೂಕಾಲು ಆಗಿಲ್ಲವಲ್ಲ ಎಂದೆ. ಅವರು ರಿಜಿಸ್ಟರಿನಿಂದ ತಲೆಯೆತ್ತಿದರು. “ಹತ್ತೂಕಾಲಿಗೆ ಸವ್ವಾ ಹತ್ತು ಅಂತಾರ್ರಿ. ಪಾವಣೆ ಅಂದ್ರ ಪಾವು ಕಮ್ಮಿ. ಒಂಬತ್ತು ನಲವತ್ತೈದು.”

ಬೆಂಚಿನ ಮೇಲೆ ಕೂತೆ. ಹತ್ತಕ್ಕೆ ಕಾಲು ಕಮ್ಮಿ ಒಂಬತ್ತೂ ಮುಕ್ಕಾಲು. ಐದಕ್ಕೆ ಕಾಲು ಕಮ್ಮಿ ನಾಲ್ಕೂ ಮುಕ್ಕಾಲು. ಮ್ಯಾನೇಜರ್ ಬಂದ ದಿನ ತೆಗೆದುಕೊಂಡಿದ್ದ ಅಳತೆಯ ಹಾಳೆಯ ಫೋಟೊ ಫೋನಿನಲ್ಲಿತ್ತು, ತೆರೆದು ನೋಡಿದೆ. ತಿದ್ದಿದ ಗುರುತು ಯಾವುದೂ ಇರಲಿಲ್ಲ. ಮೊದಲೂ ಇರಲಿಲ್ಲ, ನಾವು ಹುಡುಕಿರಲಿಲ್ಲ. ನೆನಪನ್ನು ನಂಬದೆ ಬರೆದಿಡುತ್ತೇನೆ ಎಂಬ ನನ್ನ ಹೆಮ್ಮೆಯ ಪುಸ್ತಕದಲ್ಲಿ ಇದ್ದದ್ದು ಅವರು ಹೇಳಿದ ಮಾತಲ್ಲ, ನಾನು ಮಾಡಿದ ಅನುವಾದ.

ಸುಮ್ಮನಿದ್ದುಬಿಡಬಹುದೆಂದು ಆ ಬೆಂಚಿನ ಮೇಲೆ ಯೋಚಿಸಿದೆ. ಇದನ್ನು ಮುಚ್ಚಿಡುವುದಿಲ್ಲ. ಮೈಸೂರಿಗೆ ಹೋಗಲು ಹನ್ನೆರಡು ದಿನವಿತ್ತು, ಪಾವಣೆಯ ಅರ್ಥ ಯಾರೂ ಮ್ಯಾನೇಜರಿಗೆ ಹೇಳುತ್ತಿರಲಿಲ್ಲ. ಎಷ್ಟು ಹೊತ್ತು ಹಾಗೆ ಯೋಚಿಸಿದೆನೋ ಗೊತ್ತಿಲ್ಲ. ಒಂದು ಚಹಾದ ಹೊತ್ತು ಎಂದು ಬರೆದರೆ ಅದು ನನ್ನ ಪರವಾದ ಅಂದಾಜಾಗುತ್ತದೆ. ಆಮೇಲೆ ಎದ್ದು ಚಾಚಾ ಅವರ ಮನೆ ಕೇಳಿಕೊಂಡು ಹೋದೆ.

ಅವರು ಅಂಗಳದಲ್ಲಿ ಪಂಪಿನ ಮೋಟಾರು ಬಿಚ್ಚಿ ಕೂತಿದ್ದರು. ಯಾರದೋ ರಿಪೇರಿ ಕೆಲಸ. ಕುಂದರ್ರಿ ಎಂದು ಸ್ಟೂಲು ತೋರಿಸಿದರು, ಬಂದದ್ದು ಯಾಕೆ ಎಂದು ಕೇಳಲಿಲ್ಲ. ನಾನು ಎಲ್ಲ ಹೇಳಿದೆ. ಪಾವು, ಪಾವಣೆ, ಮ್ಯಾನೇಜರಿನ ತೆಲುಗು, ಬಸ್ಸು. ಹೇಳುತ್ತ ಹೇಳುತ್ತ ಅದು ಹಾಸ್ಯದ ಕಥೆಯಂತೆ ಕೇಳಿಸತೊಡಗಿ ನಿಲ್ಲಿಸಿದೆ. ಅವರು ಕೈಯ ಎಣ್ಣೆಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತಿದ್ದರು.

“ಸಾಲಿ ಎಷ್ಟು ಕಲ್ತೀರಿ ಮೇಡಂ ನೀವು?”

ಎಂ.ಎಸ್ಸಿ. ಎಂದೆ.

“ಅಲ್ಲಿ ಪಾವಣೆ ಇಲ್ಲೇನು?”

ಒಳಗಿನಿಂದ ಚಹಾ ತಂದ ಅವರ ಹೆಂಡತಿ ನನ್ನ ಪರ ವಹಿಸಿದರು. “ಬಿಡ್ರೀ, ಆಕಿ ಮದ್ರಾಸ ಕಡಿಯಾಕಿ ಇರಬೇಕು.” ನಾನು ಮೈಸೂರು ಕಡೆ ಎಂದೆ. “ಅದ ರೀ, ಆ ಕಡಿ” ಎಂದರು.

ಚಾಚಾ ನಗಲಿಲ್ಲ. ಬೇರೆ ಕೆಲಸ ಸಿಗದೇನಲ್ಲ, ಕೈಯಲ್ಲಿ ವಿದ್ಯೆ ಇದೆ ಎಂದರು. ಅಂದು ಕೋಣೆಯಲ್ಲಿ ನಾನೂ ಮ್ಯಾನೇಜರೂ ಮೊದಲೇ ತೀರ್ಮಾನ ಮಾಡಿಕೊಂಡು ಕೂತಿದ್ದೇವೆ, ಮಾತು ಬರೀ ನೆಪ ಎಂದುಕೊಂಡರಂತೆ. ಅದಕ್ಕೇ ವಾದಿಸಲಿಲ್ಲ. ಆಮೇಲೆ ಮೋಟಾರಿನ ಕಡೆ ನೋಡುತ್ತ ಹೇಳಿದರು:

“ಕೆಲಸ ಹೋತು, ಹೋಗ್ಲಿ. ಸುಳ್ಳ ಬರದಾನ ಅಂತ ಬರದ್ರಲ್ರಿ. ಇಷ್ಟು ವರ್ಷ ಮಿಲ್ಲಿನಾಗ ನಾ ಬರದ ಹಾಳಿ ನೋಡಿ ಮಶೀನ್ ಓಡಸ್ಯಾರ. ಅದನ್ನ ತಗೀರಿ ನೀವು. ಅದೊಂದನ್ನ.”

ತೆಗೆಸುತ್ತೇನೆ ಎಂದೆ. ಬಾಯಲ್ಲಿ ಅಲ್ಲ, ಬರೆದು ಎಂದರು.

ಮರುದಿನ ಮ್ಯಾನೇಜರಿಗೆ ಪತ್ರ ಬರೆದೆ. ಅಳತೆ ಸರಿಯಾಗಿಯೇ ಹೇಳಲಾಗಿತ್ತು, ಸರಿಯಾಗಿಯೇ ಬರೆಯಲಾಗಿತ್ತು, ಕೇಳಿದವಳು ತಪ್ಪು ತಿಳಿದಳು, ಆಮೇಲೆ ಬಂದ ಎರಡು ಕರೆಗಳನ್ನೂ ಅವಳೇ ಎತ್ತಲಿಲ್ಲ, ದಿನಚರಿಯನ್ನು ಸಾಕ್ಷಿ ಎಂದು ಪರಿಗಣಿಸಬಾರದು. ಕನ್ನಡದ ಪತ್ರದಲ್ಲಿ ಪಾವಣೆಯನ್ನು ವಿವರಿಸಲು ಒಂದು ಸಾಲು ಸಾಕಾಯಿತು, ಇಂಗ್ಲಿಷಿನದರಲ್ಲಿ ಅರ್ಧ ಪುಟ ಬೇಕಾಯಿತು. ಮ್ಯಾನೇಜರ್ ಕೆಟ್ಟವರಲ್ಲ. ಫೋನ್ ಮಾಡಿ, ಇದು ನಿಮ್ಮ ಫೈಲಿಗೆ ಹೋಗುತ್ತದೆ, ಮೈಸೂರಿನವರು ನೋಡುತ್ತಾರೆ, ಇನ್ನೊಮ್ಮೆ ಯೋಚಿಸಿ ಎಂದರು. ಕಳಿಸಿ ಎಂದೆ. ಧೈರ್ಯದಿಂದ ಹೇಳಿದೆ ಎಂದು ಬರೆಯಬಹುದಿತ್ತು. ಅವರು ಇನ್ನೊಮ್ಮೆ ಕೇಳುವ ಮೊದಲೇ ಫೋನಿಟ್ಟೆ.

ವರದಿ ಬದಲಾಯಿತು. ದಾಖಲೆ ತಿದ್ದಲಾಗಿದೆ ಎಂಬ ಸಾಲನ್ನು ಹೊಡೆದುಹಾಕಿ, ಹೊಡೆದುಹಾಕಿದ್ದಕ್ಕೆ ಕಾರಣವನ್ನೂ ಬರೆದು, ಒಂದು ಪ್ರತಿ ಚಾಚಾ ಅವರಿಗೆ ತಲುಪಿತು. ಮೈಸೂರಿನಿಂದಲೂ ಪತ್ರ ಬಂತು. ವರ್ಗಾವಣೆಯನ್ನು ಸದ್ಯಕ್ಕೆ ಕೈಬಿಡಲಾಗಿದೆ, ಇನ್ನೂ ಎರಡು ವರ್ಷ ಹಳಿಯಾಳದಲ್ಲಿ ಅನುಭವ ಪಡೆಯುವುದು ಒಳ್ಳೆಯದು.

ಅಪ್ಪನಿಗೆ ಇದನ್ನು ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ಸುಣ್ಣದ ವಿಷಯ ಅವರು ಎತ್ತಲಿಲ್ಲ. ಪಾವಣೆಯ ಕಥೆ ಪೂರ್ತಿ ಕೇಳಿ, “ಮುಕ್ಕಾಲು ಅನ್ನಕ್ಕೆ ಅವರಿಗೇನಾಗಿತ್ತವ್ವ?” ಎಂದರು. ನಾನು ಒಮ್ಮೆಲೇ ಚಾಚಾ ಪರ ವಾದಿಸತೊಡಗಿದೆ. ನಮ್ಮದು ಏರುವ ಲೆಕ್ಕ, ಅವರದು ಮುಂದಿನ ಅಂಕಿಯಿಂದ ಇಳಿಯುವ ಲೆಕ್ಕ, ಎರಡೂ ಸರಿ, ಇಲ್ಲಿ ಎಲ್ಲರೂ ಹೀಗೇ ಹೇಳುವುದು ಎಂದೆ. “ಆಯ್ತು ಬುಡು, ನಿಮ್ಮ ಕಡೆಯೋರೇ ಸರಿ” ಎಂದರು ಅಪ್ಪ. ನಿಮ್ಮ ಕಡೆ ಎಂದದ್ದು ಹಳಿಯಾಳಕ್ಕೆ. ಅದನ್ನು ತಿದ್ದಬೇಕೆಂದುಕೊಂಡು ತಿದ್ದಲಿಲ್ಲ.

ಮೂರು ವಾರದ ಮೇಲೆ ಚಾಚಾ ಕೆಲಸಕ್ಕೆ ಮರಳಿದರು. ಬರುವುದಿಲ್ಲ ಎಂದೇ ನಾನು ತಿಳಿದಿದ್ದೆ. ಮ್ಯಾನೇಜರ್ ಸ್ವತಃ ದಾಂಡೇಲಿಗೆ ಹೋಗಿ ಕರೆದರಂತೆ. ಮೊದಲ ದಿನವೇ ಟ್ಯಾಂಕು ತೊಳೆಸಿ, ಹೊಸ ಯೀಸ್ಟು ಹಾಕಿಸಿದರು. ಯಂತ್ರ ಇನ್ನೂ ರಿಪೇರಿಯಿಂದ ಬಂದಿರಲಿಲ್ಲ, ಅಳತೆ ಕೈಯಲ್ಲೇ ನಡೆದಿತ್ತು. ನನ್ನ ಜೊತೆ ಮಾತು ಮೊದಲಿನಷ್ಟೇ ಇತ್ತು, ಸಿಟ್ಟಿರಲಿಲ್ಲ. ಮಂದಿ ಉಂಡಾರ, ಮಂದಿ ಮಲಗ್ಯಾರ ಎನ್ನುವುದೂ ಇತ್ತು. ಒಂದು ಮಾತ್ರ ಬದಲಾಗಿತ್ತು. ಸಂಜೆ ಪಾಳಿಯವರಿಗೆ ಅಳತೆ ಹೇಳುವಾಗ ಅವರು ಸವ್ವಾ, ಪಾವಣೆ ಎನ್ನುತ್ತಿದ್ದರು. ನನ್ನ ಕಡೆ ತಿರುಗಿದ ಕೂಡಲೇ, ಮಾಪಕದ ಪರದೆ ಓದುವವರಂತೆ, ನಾಲ್ಕು ಪಾಯಿಂಟ್ ಒಂಬತ್ತು ಸೊನ್ನೆ, ಐದು ಪಾಯಿಂಟ್ ಒಂದು ಸೊನ್ನೆ ಎಂದು ಒಂದೊಂದೇ ಅಂಕಿ ಬಿಡಿಸಿ ಹೇಳುತ್ತಿದ್ದರು. ಹೊರಗಿನಿಂದ ಬರುವ ಇನ್‌ಸ್ಪೆಕ್ಟರುಗಳಿಗೂ ಅವರು ಹಾಗೇ ಹೇಳುವುದು. ಅದರಲ್ಲಿ ತಪ್ಪಾಗುವ ಸಂಭವವೇ ಇಲ್ಲ. ನಾನು ಕೇಳಿಕೊಂಡಿದ್ದರೂ ಅದನ್ನೇ ಕೇಳಿಕೊಳ್ಳುತ್ತಿದ್ದೆ. ಆದರೂ ಪ್ರತಿ ಸಲ ಅವರು ಬಿಡಿಸಿ ಹೇಳುವಾಗ, ಒಳಗೆ ನಡೆಯುತ್ತಿದ್ದ ಮಾತು ನಾನು ಬಂದೊಡನೆ ನಿಂತಂತಾಗುತ್ತಿತ್ತು.

ಈ ಸಲ ನಾಲ್ಕನೇ ದಿನ ಟ್ಯಾಂಕು ಹಳದಿಗೆ ತಿರುಗಿತು. ಕಿಂಡಿಯಲ್ಲಿ ನೋಡಿ ಸಂತೋಷಪಟ್ಟೆ, ಅಪ್ಪನ ಹೊಲವೂ ಕಣ್ಣ ಮುಂದೆ ಬಂತು, ಎರಡೂ ಒಟ್ಟಿಗೇ. ಐದನೇ ದಿನ ಈ ಯೀಸ್ಟಿಗೆ ಹುಳಿ ತುಸು ಹೆಚ್ಚಿದ್ದರೆ ಬಣ್ಣ ಚೆನ್ನಾಗಿ ಕಟ್ಟುತ್ತದೆಯೇ ನೋಡೋಣ ಎಂದು ಲೆಕ್ಕ ಹಾಕಿ, ಚಾಚಾ ಅವರ ಬಳಿ ಹೋಗಿ, ಯೋಚಿಸದೆಯೇ ಹೇಳಿದೆ:

“ಚಾಚಾ, ಇವತ್ತು ಪಾವಣೆ ಐದು ಇಡ್ರಿ.”

ಅವರ ಕೈ ನಲ್ಲಿಯ ಮೇಲಿತ್ತು, ತಿರುಗಿಸಲಿಲ್ಲ. ನನ್ನನ್ನು ನೋಡಿದರು.

“ಅಂದ್ರ ನಾಲ್ಕು ಪಾಯಿಂಟ್ ಏಳು ಐದು. ಹೌದಲ್ರಿ ಮೇಡಂ?”

ಹೌದು ಎಂದೆ. ಅವರು ಹಾಳೆಯಲ್ಲಿ ಮೊದಲು ಬರೆದುಕೊಂಡು, ನನಗೆ ತೋರಿಸಿ, ಆಮೇಲೆ ನಲ್ಲಿ ತಿರುಗಿಸಿದರು.